ಮಡಿಕೇರಿಯನ್ನು ಜುಲೈನಲ್ಲಿ ನೋಡಿ

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಹೊರಗಿನವರು ತಮಾಷೆ ಮಾಡುತ್ತಾರೆ. ಅವರಿಗಿಂತ ಜಾಸ್ತಿ ನಾವೇ ಹೇಳಿಕೊಂಡು ನಗುತ್ತೇವೆ. ಏಪ್ರಿಲ್ ಬಂದರೆ ನಮ್ಮ ಓಣಿಯ ಪ್ರತಿ ಮನೆಯಲ್ಲೂ ಒಬ್ಬರಾದರೂ "ಸಾಕಪ್ಪಾ ಈ ಊರು, ಎಲ್ಲಾದ್ರೂ ತಣ್ಣಗಿರೋ ಕಡೆ ಹೋಗಿಬಿಡೋಣ" ಅನ್ನುತ್ತಾರೆ. ಜೂನ್‌ನಲ್ಲಿ ಗಾಳಿ ತಿರುಗುತ್ತದೆ, ಮಾತು ಮರೆತುಹೋಗುತ್ತದೆ, ಮುಂದಿನ ಏಪ್ರಿಲ್‌ಗೆ ಮತ್ತೆ ಅದೇ ಮಾತು. ನಮ್ಮ ಮನೆಯಲ್ಲಿ ಮಾತ್ರ ಈ ಸಲ ಮರೆಯುವ ಹಾಗಿರಲಿಲ್ಲ. ನನ್ನ ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗಾವಣೆಯ ಸರದಿ ಬಂದಿದೆ, ಯಾವ ಊರು ಬೇಕು ಅಂತ ಕೇಳಿದ್ದಾರೆ, ಖಾಲಿ ಇರುವ ಊರುಗಳ ಪಟ್ಟಿಯಲ್ಲಿ ಮಡಿಕೇರಿ ಇದೆ.

ವಿಷಯ ಗೊತ್ತಾದವರೆಲ್ಲ ಹೇಳಿದ್ದು ಒಂದೇ. ಪುಣ್ಯ ಮಾಡಿದ್ದೀರಿ, ಕಣ್ಣು ಮುಚ್ಚಿ ಹೋಗಿ. ಹೀಗೆ ಹೇಳಿದವರಲ್ಲಿ ಒಬ್ಬರೂ ಮಳೆಗಾಲದಲ್ಲಿ ಮಡಿಕೇರಿಗೆ ಹೋದವರಲ್ಲ. ಎಲ್ಲರೂ ಮಕ್ಕಳ ಬೇಸಿಗೆ ರಜೆಯಲ್ಲೋ ಡಿಸೆಂಬರ್‌ನಲ್ಲೋ ಹೋಗಿ, ರಾಜಾಸೀಟ್‌ನಲ್ಲಿ ಫೋಟೋ ತೆಗೆಸಿಕೊಂಡು, ಅಬ್ಬಿ ಜಲಪಾತ ನೋಡಿ, ಕಾಫಿಪುಡಿ ಕಟ್ಟಿಸಿಕೊಂಡು ಬಂದವರು.

ನಾನು ಲೆಕ್ಕದ ಮನುಷ್ಯ. ಜೀನ್ಸ್ ಹೊಲಿಯುವ ಸಣ್ಣ ಸಣ್ಣ ಘಟಕಗಳಿಗೆ ಜಿಎಸ್‌ಟಿ, ಟ್ಯಾಲಿ ಬರೆದುಕೊಡುವುದು ನನ್ನ ಕೆಲಸ. ಹಾಗಾಗಿ ಮೊದಲು ಕೂತಿದ್ದು ತಾಪಮಾನದ ಲೆಕ್ಕಕ್ಕೆ. ಬಳ್ಳಾರಿ ಇರುವುದು ಸಮುದ್ರಮಟ್ಟದಿಂದ 500 ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿ. ಮಡಿಕೇರಿ 1,150 ಮೀಟರಿನ ಆಸುಪಾಸು. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಆ ಪ್ರಕಾರ ನಮಗೂ ಮಡಿಕೇರಿಗೂ ನಾಲ್ಕು ಡಿಗ್ರಿಗೆ ತುಸು ಹೆಚ್ಚು ವ್ಯತ್ಯಾಸ ಇರಬೇಕು. ಆದರೆ ಮೇ ತಿಂಗಳಲ್ಲಿ ಇಲ್ಲಿ 40 ದಾಟಿ ಕಾಯುತ್ತಿರುವಾಗ ಅಲ್ಲಿ 30ರ ಒಳಗೇ ಇರುತ್ತದೆ. ಉಳಿದ ಐದಾರು ಡಿಗ್ರಿ ಎಲ್ಲಿಂದ ಬಂತು? ಸಮುದ್ರದ ಕಡೆಯಿಂದ ಬರುವ ತೇವದ ಗಾಳಿಯಿಂದ, ಏಪ್ರಿಲ್‌ನಲ್ಲೇ ಶುರುವಾಗುವ ಮಳೆಯಿಂದ, ಮೋಡದಿಂದ, ಮರದ ನೆರಳಿನಿಂದ. ಅಂದರೆ ಎತ್ತರ ಕೊಡುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕಾಡು, ಕಾಫಿ ತೋಟ, ಮೋಡ ಕೊಡುವ ತಂಪು. ಮರ ಕಡಿದು ಕಾಂಕ್ರೀಟ್ ಹಾಕುತ್ತ ಹೋದರೆ ಗುಡ್ಡ ಗುಡ್ಡವಾಗಿಯೇ ಇರುತ್ತದೆ, ತಂಪು ಮಾತ್ರ ಕಡಿಮೆಯಾಗುತ್ತದೆ. ಈ ಲೆಕ್ಕವನ್ನು ನಾನು ಹೆಂಡತಿಗೆ ತೋರಿಸಿದಾಗ ಅವಳು ಅಂದದ್ದು: "ನಾಲ್ಕು ಡಿಗ್ರಿ ಆದ್ರೂ ಸಾಕು ಬಿಡ್ರೀ."

ಮಳೆಯ ಲೆಕ್ಕ ಇನ್ನೂ ದೊಡ್ಡದು. ಬಳ್ಳಾರಿಗೆ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ, ಅದರಲ್ಲೂ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಡಿಕೇರಿಗೆ 3,000 ಮಿ.ಮೀ. ಮೇಲೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಆಗಸ್ಟ್ ಒಳಗೆ. ಇದರಲ್ಲಿ ಒಂದು ತಮಾಷೆ ಇದೆ. ನಮಗೆ ಮಳೆ ಕಡಿಮೆ ಆಗಿರುವುದೇ ಆ ಗುಡ್ಡಗಳಿಂದ. ಅರಬ್ಬಿ ಸಮುದ್ರದಿಂದ ಬರುವ ಮೋಡವನ್ನು ಪಶ್ಚಿಮ ಘಟ್ಟ ತಡೆದು ಅಲ್ಲೇ ಇಳಿಸಿಕೊಳ್ಳುತ್ತದೆ, ನಮ್ಮ ಕಡೆಗೆ ಬರುವುದು ಒಣ ಗಾಳಿ. ಆಮೇಲೆ ಅದೇ ನೀರಲ್ಲಿ ಸ್ವಲ್ಪ ಹೊಳೆಯಾಗಿ ನಮಗೆ ಬರುತ್ತದೆ. ತುಂಗೆಯೂ ಭದ್ರೆಯೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ, ಕೂಡುವುದು ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ, ನಿಲ್ಲುವುದು ಹೊಸಪೇಟೆ ಹತ್ತಿರದ ಅಣೆಕಟ್ಟಿನಲ್ಲಿ. 2024ರ ಆಗಸ್ಟ್‌ನಲ್ಲಿ ಆ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಇಡೀ ಬಳ್ಳಾರಿ ನಿದ್ದೆಗೆಟ್ಟು ಕೂತಿತ್ತು. ಘಟ್ಟದ ಮಳೆ ನಮಗೆ ಬೇಕೇ ಬೇಕು. ಪ್ರಶ್ನೆ ಇರುವುದು, ಅದು ಬೀಳುವ ಜಾಗದಲ್ಲೇ ಹೋಗಿ ಇರಬೇಕಾ ಅನ್ನುವುದು.

ಬಿಸಿಲು ತಪ್ಪಿಸಿಕೊಳ್ಳಲು ಗುಡ್ಡ ಹತ್ತುವುದು ಬಳ್ಳಾರಿಗೆ ಹೊಸದೇನೂ ಅಲ್ಲ. ಬ್ರಿಟಿಷರು ಇಲ್ಲಿ ದಂಡು ಇಟ್ಟಿದ್ದರಲ್ಲ, ಅವರ ಸೈನಿಕರು ಈ ಶಾಖಕ್ಕೆ ಸೋತು ಮಲಗುತ್ತಿದ್ದರು. ಅವರಿಗೆ ಅಂತಲೇ 19ನೇ ಶತಮಾನದಲ್ಲಿ ಸಂಡೂರಿನ ರಾಮನದುರ್ಗದಲ್ಲಿ ಆರೋಗ್ಯಧಾಮ ಮಾಡಿಕೊಂಡರು. 3,000 ಅಡಿಗೂ ಮೇಲಿರುವ ಬೆಟ್ಟ. ಸಂಡೂರು ಆಗ ಘೋರ್ಪಡೆಯವರ ಸಂಸ್ಥಾನ. ಬಳ್ಳಾರಿಯ ಜನ ಮಾತ್ರ ಕೆಳಗೇ ಇದ್ದರು, ಮಾಳಿಗೆಯ ಮೇಲೆ ಮಲಗಿದರು, ಮಜ್ಜಿಗೆ ಕುಡಿದರು. ಮುಂದೆ ಆ ಸಂಡೂರು ಗುಡ್ಡಗಳ ಸಾಲಿನಲ್ಲೇ ಕಬ್ಬಿಣದ ಅದಿರು ಅಗೆಯುವುದು ಜೋರಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಅಷ್ಟಾಗಿತ್ತು. ಹತ್ತಿರದಲ್ಲೇ ಇದ್ದ ತಂಪು ಗುಡ್ಡವನ್ನು ಲಾರಿಯಲ್ಲಿ ಕಳಿಸಿ, ಈಗ ತಂಪು ಹುಡುಕಿಕೊಂಡು ಮಡಿಕೇರಿ ತನಕ ಹೋಗುವ ಯೋಚನೆ ನಮ್ಮದು. ಇರಲಿ, ಅದು ಬೇರೆ ಕತೆ.

ನಮ್ಮ ಬಿಸಿಲಿನ ಪರವಾಗಿಯೂ ಒಂದು ಮಾತು ಹೇಳಬೇಕು. ಇದು ಒಣ ಬಿಸಿಲು. ಬೆವರು ಬಂದ ಕೂಡಲೇ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ, ಏರ್ ಕೂಲರ್ ಇಲ್ಲಿ ಕೆಲಸ ಮಾಡುವುದೂ ಅದೇ ಕಾರಣಕ್ಕೆ. ಕಡಿಮೆ ದುಡ್ಡಿನ ಕೂಲರ್ ಒಂದರ ಮುಂದೆ ಇಡೀ ಮನೆ ಮಲಗಿ ಬೆಳಗು ಮಾಡಬಹುದು. ಮಂಗಳೂರಿನಲ್ಲಿ 34 ಡಿಗ್ರಿಗೆ ಜನ ಒದ್ದಾಡುವುದನ್ನು ನೋಡಿದರೆ ನಮ್ಮ 40 ಎಷ್ಟೋ ವಾಸಿ ಅನ್ನಿಸುತ್ತದೆ. ನೆರಳಿಗೆ ಬಂದರೆ ಬದುಕಬಹುದು. ಅದೂ ಅಲ್ಲದೆ ಈ ಬಿಸಿಲಿಗೆ ಒಂದು ಕ್ರಮ ಇದೆ. ಬೆಳಗ್ಗೆ ಹತ್ತರ ಒಳಗೆ ಹೊರಗಿನ ಕೆಲಸ, ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು, ಸಂಜೆ ಆರರ ಮೇಲೆ ಊರು ಮತ್ತೆ ಎದ್ದು ಕೂರುವುದು, ಮಿರ್ಚಿ ಮಂಡಕ್ಕಿ ಗಾಡಿಗಳ ಮುಂದೆ ಜನ ಸೇರುವುದು. 40 ಡಿಗ್ರಿ ಬಿಸಿಲಿಗೆ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ತಿನ್ನುವ ಜನ ನಾವು. ನಮಗೆ ಯಾರು ಏನು ಹೇಳುವುದು?

ಹೀಗೆಲ್ಲ ನಾನು ಮಾತಾಡುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ಒಂದೇ ಮಾತು ಹೇಳಿದಳು. "ನೀವು ಎಸಿ ರೂಮಲ್ಲಿ ಕೂತು ಟ್ಯಾಲಿ ಹಾಕ್ತೀರಿ. ಮೇ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಹಂಚಿನ ಮುಂದೆ ನಿಂತು ರೊಟ್ಟಿ ಬಡೀರಿ. ಆಮೇಲೆ ಒಣ ಬಿಸಿಲು, ಹಸಿ ಬಿಸಿಲು ಅಂತ ಮಾತಾಡೋಣ."

ಅಲ್ಲಿಂದ ನಮ್ಮ ಮಾತಿನ ದಾರಿಯೇ ಬದಲಾಯಿತು. ನಾವು ಇಷ್ಟು ಹೊತ್ತು ಒಂದು ಊರಿನ ಪಕ್ಕ ಇನ್ನೊಂದು ಊರು ಇಟ್ಟು ತೂಗುತ್ತಿದ್ದೆವು. ಆದರೆ ಒಂದೇ ಮನೆಯಲ್ಲಿ ಇರುವವರಿಗೂ ಊರು ಒಂದೇ ಅಲ್ಲ. ನನ್ನ ಬಳ್ಳಾರಿ ಅಂದರೆ ಎಸಿ ಇರುವ ಆಫೀಸು, ಸಂಜೆಯ ಮಂಡಕ್ಕಿ. ಅವಳ ಬಳ್ಳಾರಿ ಬೆಳಗಾಗುವ ಮೊದಲೇ ಕಾಯ್ದು ಕೂತ ಅಡುಗೆಮನೆ, ಆಮೇಲೆ ಸ್ಕೂಟರ್ ಸೀಟು ಸುಡುವ ರಸ್ತೆ, ಸಂಜೆ ಮತ್ತೆ ಅದೇ ಅಡುಗೆಮನೆ. ಅಡುಗೆಮನೆಗೆ ಎಸಿ ಹಾಕಿಸಿದವರನ್ನು ನಾನು ಈ ಊರಲ್ಲಿ ನೋಡಿಲ್ಲ. ಫ್ಯಾನ್ ಹಾಕಿದರೆ ಒಲೆ ಆರುತ್ತದೆ. ರಾತ್ರಿ ಹೊರಗೆ ಗಾಳಿ ತಂಪಾದರೂ ಹಗಲೆಲ್ಲ ಕಾದ ತಾರಸಿ ಒಳಗೆ ಶಾಖ ಬಿಡುತ್ತಲೇ ಇರುತ್ತದೆ. ಊರ ನಡುವಿನ ಕಲ್ಲುಗುಡ್ಡಗಳೂ ಅಷ್ಟೇ, ಬಂಡೆ ಹಗಲು ಹೀರಿದ್ದನ್ನು ರಾತ್ರಿ ಬಿಡುತ್ತದೆ. ಅವಳು ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡುವುದಿಲ್ಲ. ಇದು ಯಾವ ತಾಪಮಾನದ ಪಟ್ಟಿಯಲ್ಲೂ ಸಿಗುವುದಿಲ್ಲ.

ಸರಿ, ಹಾಗಾದರೆ ನೋಡಿಯೇ ಬಿಡೋಣ ಅಂತ ಬಾಡಿಗೆ ಮನೆ ನೋಡಲು ಹೊರಟೆವು. ಬೇಕಂತಲೇ ಜುಲೈನಲ್ಲಿ. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರು, ಅಲ್ಲಿಂದ ಬಸ್ಸು. ಕೊಡಗು ಜಿಲ್ಲೆಯಲ್ಲಿ ರೈಲೇ ಇಲ್ಲ, ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಮೈಸೂರಿನಿಂದ ಸುಮಾರು 120 ಕಿ.ಮೀ. ರಸ್ತೆಯ ಮೇಲೇ ಹೋಗಬೇಕು. ಊರಲ್ಲಿ ಯಾರಿಗೋ ಹುಷಾರಿಲ್ಲ ಅಂತ ಫೋನ್ ಬಂದರೆ, ರಾತ್ರಿ ರೈಲು ಹತ್ತಿ ಬೆಳಗ್ಗೆ ಇಳಿಯುವ ಅಭ್ಯಾಸ ಇರುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಕುಶಾಲನಗರ ದಾಟುವ ತನಕ ಮಳೆ ಹದವಾಗಿತ್ತು. ಮೇಲೆ ಹತ್ತುತ್ತಾ ಹತ್ತುತ್ತಾ ಬಸ್ಸಿನ ಗಾಜಿನ ಆಚೆ ಏನೂ ಕಾಣಲಿಲ್ಲ. ಮಡಿಕೇರಿಯಲ್ಲಿ ಇಳಿದಾಗ ಮಧ್ಯಾಹ್ನ, ಆದರೆ ಅಂಗಡಿಗಳಲ್ಲಿ ದೀಪ ಹಚ್ಚಿದ್ದರು. ಮಳೆ ಅಂದರೆ ನಮ್ಮಲ್ಲಿ ಹಾಗೆ ಬಂದು ಹೀಗೆ ಹೋಗುವ ನೆಂಟ. ಅಲ್ಲಿ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ, ಸುಮ್ನೆ ಇರುತ್ತದೆ. ಮಗ ಮೊದಲ ಒಂದು ಗಂಟೆ ಕುಣಿದಾಡಿದ. ಆಮೇಲೆ ಒದ್ದೆ ಶೂ, ಒದ್ದೆ ಸಾಕ್ಸ್ ಹಾಕಿಕೊಂಡು ಸುಮ್ಮನಾದ.

ಮನೆಗಳನ್ನು ನೋಡಿದೆವು. ಒಂದು ಮನೆಯಲ್ಲಿ ಗೋಡೆಯ ಮೂಲೆಗಳಲ್ಲಿ ಕಪ್ಪು ಬೂಷ್ಟು. ಇನ್ನೊಂದರಲ್ಲಿ ಅಡುಗೆಮನೆಯೊಳಗೇ ಹಗ್ಗ ಕಟ್ಟಿ ಒಲೆಯ ಶಾಖಕ್ಕೆ ಮಕ್ಕಳ ಸಮವಸ್ತ್ರ ಒಣಗಿಸುತ್ತಿದ್ದರು. ಎಲ್ಲ ಮನೆಗಳ ಮುಂದೆಯೂ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು, ಎರಚಲು ಒಳಗೆ ಬಾರದಿರಲಿ ಅಂತ. ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳಲಾಗದು, ಇನ್ವರ್ಟರ್ ಇಟ್ಟುಕೊಳ್ಳಿ ಅಂದರು. ನಮ್ಮ ಕುಡುತಿನಿಯಲ್ಲಿ 1,700 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಇದೆ, ಹಾಗಂತ ನಮಗೇನೂ ಕರೆಂಟು ತೆಗೆಯದೆ ಬಿಟ್ಟಿಲ್ಲ, ಅದು ಹೋಗಲಿ. ಆದರೆ ಮಳೆ, ಕತ್ತಲೆ, ಚಳಿ ಮೂರೂ ಸೇರಿದ ಮನೆಯಲ್ಲಿ ಕರೆಂಟು ಹೋಗುವುದು ಬೇರೆ ಥರ.

ಇವೆಲ್ಲ ಸಹಿಸಿಕೊಳ್ಳುವಂಥದ್ದು. ಬಟ್ಟೆ ಒಣಗಿಸುವ ಯಂತ್ರ ತರಬಹುದು, ಗೋಡೆಗೆ ಬಣ್ಣ ಹೊಡೆಸಬಹುದು. ನನ್ನನ್ನು ನಿಜವಾಗಿ ನಿಲ್ಲಿಸಿದ್ದು ಮನೆಯ ಹಿಂಭಾಗ. ನಮಗೆ ತುಂಬಾ ಹಿಡಿಸಿದ ಒಂದು ಮನೆ ಇತ್ತು. ಹೆಂಚಿನ ಮಾಡು, ದೊಡ್ಡ ಕಿಟಕಿ, ಬಾಡಿಗೆಯೂ ಕೈಗೆಟುಕುವಂಥದ್ದು. ಹಿಂದಿನ ಬಾಗಿಲು ತೆಗೆದರೆ ಎರಡಾಳೆತ್ತರದ ಮಣ್ಣಿನ ಗೋಡೆ. ಮನೆ ಕಟ್ಟಲು ಗುಡ್ಡ ಕಡಿದಾಗ ಉಳಿದದ್ದು, ಅಲ್ಲಿಯವರು ಬರೆ ಅನ್ನುತ್ತಾರೆ. ಅದರ ಮೇಲೊಂದು ಮನೆ, ಆ ಮನೆಯ ಹಿಂದೆ ಇನ್ನೊಂದು ಬರೆ. ಮನೆಯ ಮಾಲೀಕರು ವಯಸ್ಸಾದವರು, ನೇರ ಮಾತಿನವರು. "ಸಾರ್, ಈಗಲೇ ಅಡ್ವಾನ್ಸ್ ಕೊಡಬೇಡಿ. ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ, ಆಮೇಲೆ ಮಾತಾಡೋಣ" ಅಂದರು. ಮನೆ ಕೊಡುವವರೇ ಹೀಗೆ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅವರ ಮಾತಿನ ಹಿಂದೆ 2018 ಇತ್ತು. ಆ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಒಂದರ ಹಿಂದೊಂದು ಕುಸಿದವು. ಜೋಡುಪಾಲ, ಮಕ್ಕಂದೂರು ಕಡೆ ಮನೆಗಳು, ತೋಟಗಳು ಮಣ್ಣಿನ ಜೊತೆಗೇ ಕೆಳಗೆ ಹೋದವು. ಮಂಗಳೂರಿಗೆ ಇಳಿಯುವ ಹೆದ್ದಾರಿ ಕಡಿದುಹೋಯಿತು. ಎರಡೇ ವರ್ಷಕ್ಕೆ, 2020ರ ಆಗಸ್ಟ್‌ನಲ್ಲಿ, ತಲಕಾವೇರಿಯಲ್ಲಿ ಅರ್ಚಕರ ಮನೆಯ ಮೇಲೇ ಬೆಟ್ಟ ಜಾರಿತು. 2018ರ ಕುಸಿತಗಳ ಬಗ್ಗೆ ಅಧ್ಯಯನ ಮಾಡಿದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ, ವಿಪರೀತ ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೇಳಿತ್ತು. ಕೊಡಗು ಒಂದೇ ಅಲ್ಲ. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ಮನೆಗಳು ಬಿರುಕು ಬಿಟ್ಟು ಜನ ಖಾಲಿ ಮಾಡಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಶಿಮ್ಲಾದಲ್ಲಿ ಗುಡ್ಡ ಜಾರಿ ಶಿವಮಂದಿರವೇ ಮಣ್ಣಡಿ ಸೇರಿತು. 2024ರ ಜುಲೈನಲ್ಲಿ ನಮ್ಮ ಉತ್ತರ ಕನ್ನಡದ ಶಿರೂರು, ಅದೇ ತಿಂಗಳ ಕೊನೆಗೆ ಪಕ್ಕದ ವಯನಾಡು, ಅಲ್ಲಿ ಸತ್ತವರು 200ಕ್ಕೂ ಹೆಚ್ಚು.

ಗುಡ್ಡ ಯಾಕೆ ಜಾರುತ್ತದೆ ಅಂತ ಮಾಲೀಕರೇ ಹಿತ್ತಿಲಲ್ಲಿ ಕೊಡೆ ಹಿಡಿದು ನಿಂತು ವಿವರಿಸಿದರು. ಮೇಲೆ ದಪ್ಪ ಮಣ್ಣು, ಕೆಳಗೆ ಬಂಡೆ. ದಿನಗಟ್ಟಲೆ ಮಳೆ ಹೊಯ್ದರೆ ನೀರು ಮಣ್ಣಿನೊಳಗೆ ಇಳಿದು ಬಂಡೆಯ ಹತ್ತಿರ ನಿಲ್ಲುತ್ತದೆ. ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಕೆಳಗಿನ ಅಂಚನ್ನು ಮೊದಲೇ ಕಡಿದಿಟ್ಟಿದ್ದರೆ ತಡೆಯುವವರು ಯಾರು? ಹಾಗಾಗಿ ಮನೆ ನೋಡುವಾಗ ಒಳಗಿಗಿಂತ ಹೊರಗೆ ಜಾಸ್ತಿ ನೋಡಬೇಕಂತೆ. ತಡೆಗೋಡೆ ಇದೆಯಾ, ಅದರಲ್ಲಿ ನೀರು ಹೊರಗೆ ಬರಲು ತೂತುಗಳಿವೆಯಾ, ಆ ತೂತಿನಲ್ಲಿ ಮಳೆಗಾಲದಲ್ಲಿ ನೀರು ಬರುತ್ತಿದೆಯಾ. ಬರುತ್ತಿದ್ದರೆ ಒಳ್ಳೆಯದು, ಮುಚ್ಚಿಹೋಗಿದ್ದರೆ ಹುಷಾರು. ಮೇಲಿನ ಮರ, ಕರೆಂಟು ಕಂಬ ವಾಲಿವೆಯಾ. ನೆಲದಲ್ಲಿ ಹೊಸ ಬಿರುಕು ಇದೆಯಾ. ಇದ್ದಕ್ಕಿದ್ದಂತೆ ಕೆಸರು ನೀರಿನ ಒರತೆ ಎದ್ದರೆ ಸಾಮಾನು ನೋಡುತ್ತಾ ಕೂರದೆ ಹೊರಡಬೇಕು. ನಾನು ಇದನ್ನೆಲ್ಲ ಫೋನಿನಲ್ಲಿ ಬರೆದುಕೊಂಡೆ. ಬಳ್ಳಾರಿಯಲ್ಲಿ ಬಾಡಿಗೆ ಮನೆ ನೋಡುವಾಗ ನಾವು ಕೇಳುವುದು ಬೋರ್ ಇದೆಯಾ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಅಂತ ಅಷ್ಟೇ.

ನೀರು ಅಂದಾಗ ಇನ್ನೊಂದು ಮಾತು. ಅಷ್ಟು ಮಳೆ ಬೀಳುವ ಊರಲ್ಲಿ ಬೇಸಿಗೆಯಲ್ಲಿ ನೀರಿಗೆ ಪರದಾಟ ಇರುವುದಿಲ್ಲ ಅಂತ ನಾನು ಅಂದುಕೊಂಡಿದ್ದೆ. ಗುಡ್ಡದ ಮೇಲೆ ಬಿದ್ದದ್ದು ಗುಡ್ಡದ ಮೇಲೆ ನಿಲ್ಲುವುದಿಲ್ಲ, ಏಪ್ರಿಲ್‌ನಲ್ಲಿ ಅಲ್ಲೂ ಟ್ಯಾಂಕರ್ ಮಾತು ಬರುತ್ತದೆ ಅಂತ ಮಾಲೀಕರು ನಕ್ಕರು.

ಬಳ್ಳಾರಿಗೆ ವಾಪಸ್ ಬಂದ ಮೇಲೆ ಅವ್ವನ ಸರದಿ. ಅವ್ವನಿಗೆ ಮಂಡಿನೋವು. ಚಳಿ, ತೇವ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅವ್ವನ ದಿನ ಇರುವುದೇ ಹೊರಗೆ. ಬೆಳಗ್ಗೆ ಕಟ್ಟೆ, ಸಂಜೆ ಕಟ್ಟೆ, ಮಂಗಳವಾರ ದುರ್ಗಮ್ಮನ ಗುಡಿ. ಕನ್ನಡ ತೆಲುಗು ಕಲಸಿ ಮಾತಾಡುವ ಗೆಳತಿಯರ ಗುಂಪು. ಬೇಸಿಗೆ ಅಂದರೆ ಅವ್ವನಿಗೆ ಸಂಕಟದ ಕಾಲವೇ ಅಲ್ಲ, ಕೆಲಸದ ಕಾಲ. ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ವರ್ಷಕ್ಕಾಗುವಷ್ಟು ಒಣಗಿಸಿ ಡಬ್ಬಿ ತುಂಬುತ್ತಾಳೆ. ನಾನು ಮಡಿಕೇರಿಯ ವಿಡಿಯೊ ತೋರಿಸಿದೆ. ಹಸಿರು, ಮಂಜು, ಹೆಂಚಿನ ಮನೆ. ಅವ್ವ ಪೂರ್ತಿ ನೋಡಿ ಕೇಳಿದ್ದು ಒಂದೇ: "ಚೆಂದ ಐತೆ ಬಿಡಪ್ಪಾ. ಆದ್ರೆ ಜನ ಎಲ್ಲಿ?"

ಜನ ಇದ್ದಾರೆ, ಕಡಿಮೆ. 2011ರ ಜನಗಣತಿಯಲ್ಲಿ ಬಳ್ಳಾರಿ ನಗರ ಒಂದರಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಕೊಡಗು ಇಡೀ ಜಿಲ್ಲೆಗೆ ಐದೂವರೆ ಲಕ್ಷ, ಮಡಿಕೇರಿ ಪಟ್ಟಣಕ್ಕೆ ಸುಮಾರು 33 ಸಾವಿರ. ನಗರಸಭೆ ಇದೆ, ಜಿಲ್ಲಾ ಕೇಂದ್ರ, ಹೆಸರಿಗೆ ನಗರ. ನಮ್ಮ ಲೆಕ್ಕದಲ್ಲಿ ಎರಡು ಮೂರು ವಾರ್ಡು. ಇಷ್ಟು ಕಡಿಮೆ ಜನ ಇದ್ದರೆ ನೆಮ್ಮದಿ ಅನ್ನುವವರು ವಾರಾಂತ್ಯದಲ್ಲಿ ಹೋಗಿ ನೋಡಬೇಕು. ಶನಿವಾರ ಬೆಂಗಳೂರಿನ ಕಾರುಗಳು ಬಂದರೆ ಊರಿನವರು ತರಕಾರಿ ತರಲೂ ಹೊರಗೆ ಬರುವುದಿಲ್ಲ. ಮತ್ತೆ ಕಡಿಮೆ ಜನ ಅಂದರೆ ಕಡಿಮೆ ಸೌಲಭ್ಯವೂ ಹೌದು. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಶುರುವಾಗಿದೆ. ಆದರೂ 2019ರಲ್ಲಿ ಕೊಡಗಿನ ಜನ ನಮಗೊಂದು ಸುಸಜ್ಜಿತ ತುರ್ತು ಆಸ್ಪತ್ರೆ ಬೇಕು ಅಂತ ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಕೂಗು ಎಬ್ಬಿಸಿದ್ದರು. ಹೃದಯಕ್ಕೆ, ಮೆದುಳಿಗೆ ಏನಾದರೂ ಆದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಮಂಗಳೂರಿನ ದಾರಿ ಸಂಪಾಜೆ ಘಾಟಿಯದ್ದು, ಮಳೆಗಾಲದಲ್ಲಿ ಅದನ್ನು ನೆಚ್ಚುವ ಹಾಗಿಲ್ಲ. ಅವ್ವನ ವಯಸ್ಸು ನೋಡಿದರೆ ಈ ಒಂದು ವಿಷಯವೇ ಸಾಕು, ಪೂರ್ತಿ ಮನೆ ಎತ್ತಿಕೊಂಡು ಹೋಗುವ ಮಾತನ್ನು ಬಿಡಲು.

ಮಗನ ವಿಷಯದಲ್ಲಿ ಬಂಧುಗಳು ಸುಮ್ನೆ ಹೆದರಿಸಿದರು. ಊರು ಬಿಟ್ಟರೆ 371ಜೆ ಮೀಸಲಾತಿ ಹೋಯಿತು ಅಂತ. ಕಲ್ಯಾಣ ಕರ್ನಾಟಕದ ನಮಗೆ ಇದು ಎಂಥ ವಿಷಯ ಅಂತ ಬೇರೆ ಕಡೆಯವರಿಗೆ ಗೊತ್ತಾಗುವುದು ಕಷ್ಟ. ಈ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು, ರಾಜ್ಯದ ಬೇರೆ ಕಡೆ 8 ಪರ್ಸೆಂಟ್, ಇಲ್ಲಿನ ಸರ್ಕಾರಿ ಕೆಲಸಗಳಲ್ಲಿ ದೊಡ್ಡ ಪಾಲು ಸ್ಥಳೀಯರಿಗೆ. ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿಸಿ ಪಡೆದದ್ದು. ಆದರೆ ಅದು ಹುಟ್ಟನ್ನೂ ನೋಡುತ್ತದೆ. ಇಲ್ಲೇ ಹುಟ್ಟಿದ ಹುಡುಗ ಮಡಿಕೇರಿಯಲ್ಲಿ ಪಿಯುಸಿ ಓದಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಪ್ರಮಾಣಪತ್ರ ಮೊದಲೇ ಮಾಡಿಸಿ ಇಟ್ಟುಕೊಂಡರೆ ಓಡಾಟ ತಪ್ಪುತ್ತದೆ, ಅಷ್ಟೇ. ಮಗನಿಗೆ ಇದರ ಚಿಂತೆ ಇಲ್ಲ. ಅವನಿಗೆ ಎಸ್‌ಎಸ್‌ಎಲ್‌ಸಿ ಮುಗಿಯುವ ತನಕ ಕ್ರಿಕೆಟ್ ತಂಡ ಬಿಡಬಾರದು. ಮಡಿಕೇರಿಯಲ್ಲಿ ಹಾಕಿ ಆಡ್ತಾರೆ ಕಣೋ, ಕಲಿ ಅಂದೆ. ಮುಖ ಸಿಂಡರಿಸಿದ.

ನನ್ನ ಕೆಲಸ? ಈಗೆಲ್ಲ ಆನ್‌ಲೈನ್ ಅಲ್ವಾ, ಎಲ್ಲಿ ಕೂತರೂ ಆಗುತ್ತದೆ ಅನ್ನುತ್ತಾರೆ. ರಿಟರ್ನ್ ಹಾಕುವುದು ಎಲ್ಲಿಂದಲಾದರೂ ಆಗುತ್ತದೆ. ಬಿಲ್ಲು ಕೊಡದ ಘಟಕದ ಮಾಲೀಕನಿಂದ ಬಿಲ್ಲು ತರಿಸುವುದು ಕೌಲ್ ಬಜಾರಿನಲ್ಲಿ ಅವನ ಮುಂದೆ ಚಹಾ ಕುಡಿಯುತ್ತಾ ಕೂತರೆ ಮಾತ್ರ ಆಗುವ ಕೆಲಸ.

ಅಲ್ಲೇ ಒಂದು ಸೈಟ್ ತೆಗೆದು ಹಾಕಿ ಅಂತಲೂ ಒಬ್ಬರು ಸಲಹೆ ಕೊಟ್ಟರು, ಮುಂದೆ ಬೆಲೆ ಏರುತ್ತದೆಯಂತೆ. ನಾನು ಬೇಡ ಅಂದೆ. ಜಮ್ಮಾ ಜಮೀನಾದರೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯಾದರೆ, ದಾಖಲೆ ಇಡೀ ಕುಟುಂಬದ ಮೇಲೆ ಇರುತ್ತದೆ, ಒಬ್ಬರ ಸಹಿ ನಂಬಿ ದುಡ್ಡು ಹಾಕುವಂಥದ್ದಲ್ಲ. ದಾಖಲೆ ಎಲ್ಲ ಸರಿ ಇದ್ದರೂ ಇಳಿಜಾರು ಕಡಿಯದೆ ಅಲ್ಲಿ ಮನೆ ಎದ್ದು ನಿಲ್ಲುವುದು ಕಷ್ಟ. ಬಿಸಿಲು ತಾಳಲಾರದೆ ಕೆಳಗಿನಿಂದ ಹೋದ ನಮ್ಮಂಥವರು ಒಬ್ಬೊಬ್ಬರೂ ಒಂದೊಂದು ಬರೆ ಕಡಿದರೆ, ಮೇಲಿನ ಮನೆಯವರು ಎಲ್ಲಿಗೆ ಹೋಗಬೇಕು? ಬಾಡಿಗೆಗೆ ಇರುವುದಕ್ಕೆ ನನ್ನ ತಕರಾರಿಲ್ಲ, ಆಗಲೇ ಕಟ್ಟಿದ ಮನೆಯಲ್ಲಿ ಇದ್ದುಬರುವುದು. ಕೊಂಡು ಕಟ್ಟುವುದಕ್ಕೆ ನನ್ನ ಪೂರ್ತಿ ತಕರಾರಿದೆ, ಅದಕ್ಕೆ ಬೇಕಾದಷ್ಟು ದುಡ್ಡು ಇಲ್ಲ ಅನ್ನುವುದು ಬೇರೆ ಮಾತು.

ಇಷ್ಟೆಲ್ಲ ಆದ ಮೇಲೂ ಹೆಂಡತಿ ಅರ್ಜಿಯಲ್ಲಿ ಮಡಿಕೇರಿಯನ್ನೇ ಮೊದಲು ಬರೆದಳು. ನಾನು ತಡೆಯಲಿಲ್ಲ. ಮದುವೆಯಾದಾಗಿನಿಂದ ಎಲ್ಲರ ಅನುಕೂಲ ನೋಡಿ ಅವಳು ಈ ಶಾಖದಲ್ಲಿ ರೊಟ್ಟಿ ಬಡಿದಿದ್ದಾಳೆ. ಅವಳಿಗೆ ಮೂರು ವರ್ಷ ಒಳ್ಳೆಯ ನಿದ್ದೆ ಸಿಗುವುದಾದರೆ, ನನ್ನ ಮಂಡಕ್ಕಿ, ಚಹಾ ಇತ್ಯಾದಿಗಳನ್ನು ಆ ತಕ್ಕಡಿಗೆ ಹಾಕುವುದು ನ್ಯಾಯ ಅಲ್ಲ. ಬೂಷ್ಟು ಹಿಡಿದ ಗೋಡೆಯನ್ನೂ, ಒಣಗದ ಬಟ್ಟೆಯನ್ನೂ ಅವಳು ನೋಡಿಯೇ ಬರೆದದ್ದು. ಜುಲೈನಲ್ಲಿ ನೋಡಿದವರು ಹೌದು ಅಂದರೆ ಆ ಹೌದಿಗೆ ಬೆಲೆ ಇದೆ.

ಸದ್ಯದ ಏರ್ಪಾಡು ಹೀಗೆ. ವರ್ಗಾವಣೆ ಆದರೆ ಅವಳು ಹೋಗುತ್ತಾಳೆ. ಮಗ ಎಸ್‌ಎಸ್‌ಎಲ್‌ಸಿ ಇಲ್ಲೇ ಮುಗಿಸಿ ಆಮೇಲೆ ನೋಡುತ್ತಾನೆ. ನಾನು ರಿಟರ್ನ್ ಹಾಕುವ ವಾರಗಳಲ್ಲಿ ಇಲ್ಲಿ, ಉಳಿದಾಗ ಅಲ್ಲಿ. ಬಳ್ಳಾರಿ ಮನೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ. ಅವ್ವ ಏಪ್ರಿಲ್, ಮೇ ಎರಡು ತಿಂಗಳು ಮೇಲೆ ಇದ್ದು ಮಳೆ ಹಿಡಿಯುವ ಮೊದಲು ಇಳಿದುಬಿಡಬೇಕು ಅಂತ ನಾನು ಹೇಳಿದೆ. ಅವ್ವ ಒಪ್ಪಿಲ್ಲ. ಅವು ಹಪ್ಪಳದ ತಿಂಗಳು, ಬೇಕಾದರೆ ದೀಪಾವಳಿ ಆದ ಮೇಲೆ ಬರುತ್ತೇನೆ ಅನ್ನುತ್ತಾಳೆ. ಜೋಳದ ಹಿಟ್ಟನ್ನು ಒಟ್ಟಿಗೆ ಒಯ್ಯಬೇಡಿ, ಅಲ್ಲಿನ ತೇವಕ್ಕೆ ಗಂಟಾಗಿ ಹುಳ ಬೀಳುತ್ತದೆ, ಜೋಳವೇ ಒಯ್ದು ಬೇಕಾದಷ್ಟೇ ಬೀಸಿಸಿಕೊಳ್ಳಿ ಅಂತ ಈಗಲೇ ಹೇಳಿಟ್ಟಿದ್ದಾಳೆ. ಮಡಿಕೇರಿಯಲ್ಲಿ ಜೋಳ ಬೀಸುವ ಗಿರಣಿ ಇದೆಯಾ ಅಂತ ನಾನು ವಿಚಾರಿಸಬೇಕು.

ಮನೆ ಇನ್ನೂ ಗೊತ್ತಾಗಿಲ್ಲ. ಆ ಹೆಂಚಿನ ಮನೆ ಬಿಟ್ಟೆವು, ಮಾಲೀಕರು ಒಳ್ಳೆಯವರಾದರೂ ಹಿಂದಿನ ಗೋಡೆ ಒಳ್ಳೆಯದಲ್ಲ. ಸಪಾಟು ಜಾಗದಲ್ಲಿರುವ ಮನೆಗಳನ್ನು ಹೋಂಸ್ಟೇ ಮಾಡಿಕೊಂಡಿದ್ದಾರೆ. ತಿಂಗಳಿಡೀ ಒಂದು ಸಂಸಾರ ಕೊಡುವ ಬಾಡಿಗೆ ಅವರಿಗೆ ನಾಲ್ಕು ವಾರಾಂತ್ಯದಲ್ಲೇ ಬರುತ್ತದೆ, ನಮಗ್ಯಾಕೆ ಕೊಡುತ್ತಾರೆ? ಕುಶಾಲನಗರದಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಓಡಾಡು ಅಂತ ಅವಳ ಸಹೋದ್ಯೋಗಿಯೊಬ್ಬರು ಹೇಳಿದ್ದಾರೆ. ಅದು ಗುಡ್ಡದ ಬುಡ, ಮಡಿಕೇರಿಯಷ್ಟು ಮಳೆ ಇಲ್ಲ, ಅಷ್ಟು ತಂಪೂ ಇಲ್ಲ, ಅಲ್ಲಿ ಕಾವೇರಿ ಉಕ್ಕಿದರೆ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗುತ್ತದೆ. ಅದನ್ನೂ ಒಮ್ಮೆ ಹೋಗಿ ನೋಡಬೇಕು, ಆಗಸ್ಟ್‌ನಲ್ಲಿ.